ಅಕ್ಕನಿಗೆ ಹೊಲಿದ ಸಂಚಿ

ಸಂಚಿ ಹೊಲಿಯುವುದೇನು ಮಹಾ ವಿದ್ಯೆ ಎಂದು ಮೂಗು ಮುರಿಯುತ್ತಿದ್ದ ನಮ್ಮ ಬೀದಿಯ ಹೆಂಗಸರೇ, ತಮ್ಮ ಸಂಚಿ ಹರಿದಾಗ ನನ್ನ ಬಾಗಿಲಿಗೆ ಬರುತ್ತಿದ್ದರು. ನಾಲ್ಕು ತುಂಡು ಬಟ್ಟೆ, ಎಳೆದು ಬಿಗಿಯಲು ದಾರ, ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಎಲೆಅಡಿಕೆ ಚೀಲ, ಅಷ್ಟೇ ತಾನೇ? ಅಷ್ಟೇ. ಅಡುಗೆ ಎಂದರೂ ಬೆಂಕಿ, ನೀರು, ಉಪ್ಪು, ಅಷ್ಟೇ. ಎಲ್ಲರ ಕೈಯಲ್ಲೂ ಅದು ಬಾಯಿಗಿಡುವಂತೆ ಆಗುತ್ತದೆಯೇ?

ನನ್ನ ತವರು, ಗಂಡನ ಮನೆ ಎರಡೂ ಕೊಳ್ಳೇಗಾಲ. ಎರಡು ಮನೆಯಲ್ಲೂ ರೇಷ್ಮೆ ಮಗ್ಗ. ಆಗ ನಮ್ಮದು ಮದ್ರಾಸಿಗೆ ಸೇರಿದ ಸೀಮೆ. ಪಕ್ಕದ ಯಳಂದೂರಿಗೆ ಹೋಗಿ ಬಂದರೂ ಮೈಸೂರು ಸೀಮೆಗೆ ಹೋಗಿದ್ದೆವು ಎಂದು ಜಂಬ ಪಡುತ್ತಿದ್ದೆವು. ಸೀರೆ ಮಗ್ಗದಿಂದ ಇಳಿದ ಮೇಲೆ ಉಳಿಯುವ ತುಂಡು, ಬಣ್ಣ ಸರಿಯಾಗಿ ಹಿಡಿಯಲಿಲ್ಲವೆಂದು ಬಿಟ್ಟ ರೇಷ್ಮೆ ಪಟ್ಟೆ, ಇವನ್ನೆಲ್ಲ ನಾನು ಮದುವೆಯಾದ ಹೊಸತರಿಂದಲೇ ಗಂಟು ಕಟ್ಟಿಟ್ಟುಕೊಳ್ಳುತ್ತಿದ್ದೆ. ಹೊರಗೆ ಪಟ್ಟೆ, ಒಳಗೆ ಗಟ್ಟಿ ನೂಲಿನ ಬಟ್ಟೆ ಕೊಟ್ಟು ಸಂಚಿ ಹೊಲಿಯುತ್ತಿದ್ದೆ. ಸಂಚಿಯ ಒಳಗಿನ ಒಂದೊಂದು ಜೇಬಿಗೆ ಅರೆ ಎನ್ನುವುದು ನಮ್ಮ ವಾಡಿಕೆ. ಎಲೆಗೊಂದು ಅರೆ, ಅಡಿಕೆಗೊಂದು, ಹೊಗೆಸೊಪ್ಪಿಗೊಂದು. ಸುಣ್ಣದ ಡಬ್ಬಿಗೆ ಬೇಕಾದರೆ ಇನ್ನೊಂದು.

ಬಂದವಳು ಬಾಗಿಲಲ್ಲಿ ನಿಂತು ಹೇಳಿದ್ದನ್ನು ಕೇಳಿ ಕತ್ತರಿ ಹಿಡಿಯುವವಳಲ್ಲ ನಾನು. ಕೂರಿಸುತ್ತಿದ್ದೆ. "ನಿನ್ನ ಅಳೇ ಸಂಚಿಯಿಂದ ನನಗೊಂದು ಎಲೆ ಮಡಿಸ್ಕೊಡು, ನೋಡಾಣ" ಎನ್ನುತ್ತಿದ್ದೆ. ಅವಳು ಮಡಿಸುತ್ತಿದ್ದಳು, ನಾನು ಅವಳ ಕೈ ನೋಡುತ್ತಿದ್ದೆ. ಬಾಯಿ ಹೇಳುವುದು ಒಂದು, ಕೈ ಮಾಡುವುದು ಇನ್ನೊಂದು. ದೊಡ್ಡ ಸಂಚಿ ಬೇಕು ಎನ್ನುವವಳಿಗೆ ಬೇಕಾಗಿದ್ದದ್ದು ಬಾಯಿ ಅಗಲವಾದ ಚಿಕ್ಕ ಸಂಚಿ. ಮಧುವನಹಳ್ಳಿಯ ಒಬ್ಬ ಗೌಡತಿ ಗದ್ದೆಯಲ್ಲಿ ನಿಂತೇ ಎಲೆ ಹಾಕುವವಳು. ಬಲಗೈ ತುಂಬ ಕೆಸರು. ಅವಳಿಗೆ ಎಡಗೈಯೊಂದರಿಂದಲೇ ಬಿಚ್ಚಲು ಬರುವ ದಾರ ಬೇಕಾಗಿತ್ತು. ಅದು ಅವಳಿಗೇ ಗೊತ್ತಿರಲಿಲ್ಲ. ಲೊಕ್ಕನಹಳ್ಳಿಯಿಂದ ಬಂದ ದನ ಕಾಯುವ ಹೆಂಗಸೊಬ್ಬಳು, "ಆನೆ ಬಂದ್ರೆ ಬಿದ್ದಂಬೀಳ ಓಡ್ತೀನಿ ಕಣವ್ವ, ಓಡೋವಾಗ ಅಡಕೆ ಚೆಲ್ಲಬಾರ್ದು, ಅಷ್ಟ್ ಮಾಡ್ಕೊಡು" ಎಂದಳು. ಆನೆಗಿಂತ ಅಡಿಕೆಯ ಚಿಂತೆಯೇ ದೊಡ್ಡದಾಗಿದ್ದ ಅವಳಿಗೆ ನಾನು ಎರಡು ಸುತ್ತು ದಾರದ ಸಂಚಿ ಹೊಲಿದುಕೊಟ್ಟೆ. ಅತ್ತೆಯೊಬ್ಬಳು ಬಂದು, ಸೊಸೆಗೆ ಕಾಣದ ಹಾಗೆ ಒಂದು ಕಳ್ಳ ಅರೆ ಇಡು ಎಂದು ಕಿವಿಯಲ್ಲಿ ಹೇಳಿ ಹೋದಳು. ಎರಡು ದಿನ ಬಿಟ್ಟು ಅವಳ ಸೊಸೆಯೂ ಬಂದು ಅದನ್ನೇ ಕೇಳಿದಳು. ಇಬ್ಬರಿಗೂ ಇಟ್ಟುಕೊಟ್ಟೆ. ನನಗೇನು?

ಅಕ್ಕನನ್ನು ಹನೂರಿಗೆ ಕೊಟ್ಟಿದ್ದರು. ಭಾವನದು ಜವಳಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಆ ಮನೆಗೆ ಅವಳು ಹಿರಿಯ ಸೊಸೆ. ಮದುವೆ ಜವಳಿಗೆಂದು ಅಜ್ಜೀಪುರದಿಂದ, ಬೆಟ್ಟದ ದಾರಿಯ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುವವರೆಲ್ಲ ಸೀರೆ ಕೊಂಡ ಮೇಲೆ ಅವಳ ಜಗಲಿಗೆ ಬರಬೇಕು. ಹೆಂಗಸರಿಗೆ ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ ಹಚ್ಚಿ, ಎಲೆಅಡಿಕೆ ಕೊಟ್ಟು ಕಳಿಸುವುದು ಹಿರಿಯ ಸೊಸೆಯ ಕೆಲಸ. ಅಕ್ಕ ಅದನ್ನು ಎಷ್ಟು ಚೆಂದ ಮಾಡುತ್ತಿದ್ದಳೆಂದರೆ, ಸೀರೆ ಹನೂರಿನಲ್ಲೇ ತೆಗೆಯೋಣ, ಆ ಅಮ್ಮನ ಕೈಯಿಂದ ಕುಂಕುಮ ಇಡಿಸಿಕೊಂಡರೆ ಒಳ್ಳೆಯದಾಗುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅವಳಿಗೆ ಮಕ್ಕಳಾಗಿರಲಿಲ್ಲ. ಆದರೂ ಆ ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ, ಈ ಒಂದು ಜಗಲಿಯಿಂದಾಗಿ. ಅದು ಅವಳಿಗೂ ಗೊತ್ತಿತ್ತು.

ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಬಸ್ಸು ಇದ್ದಿಲ ಹೊಗೆಯಲ್ಲಿ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದಕ್ಕಿಂತ ಕೆಮ್ಮುತ್ತಿತ್ತು ಎನ್ನಬೇಕು. ಅಂಥ ಬಸ್ಸಿನಲ್ಲಿ ಗೌರಿಹಬ್ಬದ ಬಾಗಿನಕ್ಕೆಂದು ಬಂದ ಅಕ್ಕ, ತವರಲ್ಲಿ ಊಟ ಮುಗಿಸಿ ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಬಂದವಳೇ, "ಅಮ್ಮಿ, ನನಗೊಂದು ಸಂಚಿ ಒಲ್ಕೊಡು" ಎಂದಳು.

"ಓದ್ ವರ್ಷ ಒಲ್ದಿದ್ದು ಏನಾಯ್ತು? ತಿಂದ್ಬುಟ್ಟಾ?"

"ಅದು ಸರಿಯಾಗ್ತಾ ಇಲ್ಲ ಕಣೆ. ಒಂದೊಂದು ಅರೇನೂ ಬೇರೆ ಬೇರೆ ಬಟ್ಟೇಲಿ ಒಲಿ. ಒಂದು ಒರಟಾಗಿರ್ಲಿ, ಒಂದು ನುಣ್ಣಗಿರ್ಲಿ."

ಒಳಗಿನ ಬಟ್ಟೆಯನ್ನು ಯಾರು ನೋಡುತ್ತಾರೆ ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಎಲ್ಲರಿಗೂ ಹೇಳುವ ಹಾಗೆ ಅವಳಿಗೂ, ಒಂದು ಎಲೆ ಮಡಿಸಿಕೊಡು ನೋಡೋಣ ಎಂದೆ. ಅವಳು ಮಡಿಸಿದಳು. ನನ್ನ ಮುಖವನ್ನೇ ನೋಡುತ್ತಾ, ಊರಿನ ಸುದ್ದಿ ಹೇಳುತ್ತಾ, ಒಂದು ಸಲವೂ ತಲೆ ತಗ್ಗಿಸದೆ ಎಲೆಯ ತೊಟ್ಟು ಮುರಿದಳು, ನಾರು ತೆಗೆದಳು, ಸುಣ್ಣ ಸವರಿದಳು. ಅಬ್ಬಾ ಇವಳ ಕೈಚಳಕವೇ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಸುಣ್ಣದ ಡಬ್ಬಿಯ ಮುಚ್ಚಳ ಅವಳ ಮಂಡಿಯಿಂದ ಜಾರಿ ನೆಲಕ್ಕೆ ಬಿತ್ತು. ಬಟ್ಟ ಬಯಲಿನಂಥ ನೆಲ. ಮುಚ್ಚಳ ಅವಳ ಎದುರಿಗೇ ಇತ್ತು. ಅಕ್ಕ ಅಂಗೈಯನ್ನು ನೆಲಕ್ಕೆ ಇಟ್ಟು, ಮೆಲ್ಲಗೆ ಸುತ್ತಲೂ ಸವರುತ್ತಾ ಹುಡುಕಿದಳು.

ನಮ್ಮ ಸೋದರತ್ತೆಯೊಬ್ಬಳು ಹೀಗೇ ನೆಲ ಸವರುತ್ತಿದ್ದಳು. ಅವಳಿಗೆ ಮೊದಲು ಇರುಳುಗಣ್ಣು ಬಂತು, ಆಮೇಲೆ ಹಗಲೂ ಹೋಯಿತು.

"ಎಷ್ಟು ದಿನದಿಂದ?" ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. "ಯಾರ್ಗೂ ಏಳ್ಬೇಡ. ಅವ್ವುಂಗೂ ಏಳ್ಬೇಡ. ದೀಪಕ್ಕೆ ಎಣ್ಣೆ ಇಲ್ದೆ ಎಲ್ರೂ ಕತ್ಲೇಲಿ ಎಡವ್ತಾವ್ರೆ, ನಾನು ಎಡವೋದು ಯಾರ್ಗೂ ಗೊತ್ತಾಗ್ತಾ ಇಲ್ಲ. ಅಗಲೊತ್ತು ಮಾತ್ರ ನನಗೆ ಕಷ್ಟ. ಅರಿಶಿನ ಯಾವ್ದು, ಕುಂಕುಮ ಯಾವ್ದು ಅಂತ ಕಾಣಾಕಿಲ್ಲ. ಜಗಲಿ ಓಯ್ತು ಅಂದ್ರೆ ಆ ಮನೇಲಿ ನಾನ್ಯಾರು ಏಳು?"

ಮೈಸೂರಿಗೆ ಹೋಗಿ ಡಾಕ್ಟರಿಗೆ ತೋರಿಸೋಣ ಎಂದೆ. ಅಗಸೆ ಸೊಪ್ಪು ತಿಂದಿದ್ದಾಯಿತು, ಕಣ್ಣಿಗೆ ಹಾಲು ಹಿಂಡಿಸಿಕೊಂಡಿದ್ದಾಯಿತು, ಡಾಕ್ಟರ ಹತ್ತಿರ ಹೋಗಬೇಕೆಂದರೆ ಗಂಡನಿಗೆ ಹೇಳಬೇಕು, ಹೇಳಲಾರೆ ಎಂದಳು. ಆ ಸೋದರತ್ತೆಗೆ ಯಾವ ಡಾಕ್ಟರಿಂದಲೂ ಏನೂ ಮಾಡಲಾಗಿರಲಿಲ್ಲ ಎಂಬುದು ಇಬ್ಬರಿಗೂ ನೆನಪಿತ್ತು.

ಆವತ್ತಿನಿಂದ ನನಗೆ ಬೇರೆ ಕೆಲಸವೇ ಬೇಡವಾಯಿತು. ನೂರು ಹೆಂಗಸರಿಗೆ ಸಂಚಿ ಹೊಲಿದ ಅಹಂಕಾರವೆಲ್ಲ ಅಕ್ಕನ ಒಂದು ಸಂಚಿಯ ಮುಂದೆ ಕರಗಿ ನೀರಾಯಿತು. ಅವಳು ಹೇಳಿದಂತೆ ಬೇರೆ ಬೇರೆ ಬಟ್ಟೆ ಹಾಕಿದ್ದು ಮೊದಲು. ಎಲೆ ಒದ್ದೆ, ಎಲೆ ಮುಟ್ಟಿದ ಬೆರಳೂ ಒದ್ದೆ. ಒದ್ದೆ ಬೆರಳಿಗೆ ಪಟ್ಟೆಯೂ ಒಂದೇ, ನೂಲೂ ಒಂದೇ. ಅದು ಕೆಲಸಕ್ಕೆ ಬರಲಿಲ್ಲ. ದಾರಗಳಿಗೆ ಗಂಟು ಹಾಕಿದೆ. ಇದೇನು ಗಂಟು ಎಂದು ನೋಡಿದವರೆಲ್ಲ ಕೇಳುತ್ತಾರೆ ಎಂದು ಅಕ್ಕ ಹೇಳಿ ಕಳಿಸಿದಳು. ಗಂಟು ಬಿಚ್ಚಿ ಗಾಜಿನ ಮಣಿ ಪೋಣಿಸಿದೆ. ಮಣಿ ಇದ್ದರೆ ಅಲಂಕಾರ, ಯಾರು ಕೇಳುತ್ತಾರೆ? ಒಂದು ಮಣಿಯ ದಾರ ಎಳೆದರೆ ಅಡಿಕೆ, ಎರಡು ಮಣಿಯದು ಹೊಗೆಸೊಪ್ಪು. ಆದರೆ ಇವೆರಡರಲ್ಲಿ ತಪ್ಪಿದರೂ ಬೆರಳಿಗೆ ತಿಳಿಯುತ್ತದೆ, ಮೂಗಿಗೆ ತಿಳಿಯುತ್ತದೆ. ನಿಜವಾದ ಕಷ್ಟ ಇದ್ದದ್ದು ಅವಳು ಸಂಚಿಯಲ್ಲೇ ಇಟ್ಟುಕೊಳ್ಳುತ್ತಿದ್ದ ಅರಿಶಿನ, ಕುಂಕುಮದ ಎರಡು ಪುಟ್ಟ ಹಿತ್ತಾಳೆ ಡಬ್ಬಿಗಳಲ್ಲಿ. ಕುಂಕುಮವನ್ನು ಮಾಡುವುದೇ ಅರಿಶಿನದಿಂದ. ಮುಟ್ಟಿದರೂ ಒಂದೇ, ಮೂಸಿದರೂ ಒಂದೇ. ಬಣ್ಣವೊಂದು ಬಿಟ್ಟರೆ ಅವೆರಡಕ್ಕೂ ವ್ಯತ್ಯಾಸವೇ ಇಲ್ಲ ಎನ್ನುವುದು ಆವತ್ತಿನವರೆಗೆ ನನಗೆ ಹೊಳೆದೇ ಇರಲಿಲ್ಲ. ಅರಿಶಿನಕ್ಕೆ ಎಡ ತುದಿಯಲ್ಲೊಂದು ಅರೆ, ಕುಂಕುಮಕ್ಕೆ ಬಲ ತುದಿಯಲ್ಲೊಂದು ಅರೆ ಮಾಡಿ, ಕುಂಕುಮದ ಕಡೆಗೆ ಮೂರು ಮಣಿ ಕಟ್ಟಿದೆ.

ಮಗ್ಗದ ಮನೆಯಲ್ಲಿ ಯಾರೂ ಇಲ್ಲದಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತು ಆ ಸಂಚಿಯಿಂದ ಎಲೆ ಮಡಿಸಿ ನೋಡುತ್ತಿದ್ದೆ. ಒಂದು ಸಲ ನನ್ನ ಗಂಡ ಬಂದುಬಿಟ್ಟರು. "ಇದ್ಯಾವ ಕಣ್ಣಾಮುಚ್ಚಾಲೆ? ಆಡಾಕೆ ಜೊತೆಗ್ಯಾರೂ ಸಿಗ್ನಿಲ್ವಾ?" ಎಂದು ನಕ್ಕು, ನಾನು ಮಡಿಸಿದ ಎಲೆಯನ್ನು ಬಾಯಿಗೆ ಹಾಕಿಕೊಂಡರು. ಸುಣ್ಣ ಮಿತಿ ಮೀರಿತ್ತು. ಸಂಜೆಯವರೆಗೆ ನಾಲಿಗೆ ಸುಟ್ಟುಕೊಂಡು ಬೈದರು. ನನಗೆ ಮಾತ್ರ ಇನ್ನೊಂದು ತೊಡಕು ಗೊತ್ತಾಯಿತು. ಸುಣ್ಣದ ಡಬ್ಬಿಗೆ ದಾರದಲ್ಲಿ ಒಂದು ಬಿದಿರ ಕಡ್ಡಿ ಕಟ್ಟಿದೆ. ಕಡ್ಡಿಯ ತುದಿಗೆ ಹಿಡಿದಷ್ಟೇ ಸುಣ್ಣ, ಅದರ ಮೇಲೆ ಒಂದು ಚೂರೂ ಇಲ್ಲ.

ಎದುರಿಗೆ ಕೂತವರ ಹಣೆ ಎಲ್ಲಿದೆ ಎಂದು ತಿಳಿಯುವುದು ಹೇಗೆ ಎಂದು ಕೇಳಿದರೆ ಅದಕ್ಕೆ ಸಂಚಿ ಬೇಡ ಎಂದಳು ಅಕ್ಕ. ಎಡಗೈಯಲ್ಲಿ ಅವರ ಗಲ್ಲ ಹಿಡಿದುಕೊಳ್ಳುತ್ತಿದ್ದಳು. ಗಲ್ಲ ಸಿಕ್ಕರೆ ಕೆನ್ನೆ ಸಿಕ್ಕಿತು, ಹಣೆ ಸಿಕ್ಕಿತು. ಏನು ಪ್ರೀತಿ ಆ ತಾಯಿಗೆ, ಗಲ್ಲ ಹಿಡಿದು ಕುಂಕುಮ ಇಡುತ್ತಾರೆ ಎಂದು ಜನ ಕೊಂಡಾಡಿದರು.

ನಮ್ಮ ಕಡೆ ಸಂಚಿ ಒಬ್ಬರ ಸ್ವತ್ತಲ್ಲ. ಜಗಲಿಯಲ್ಲಿ ನಾಲ್ಕು ಜನ ಕೂತರೆ ಸಂಚಿ ಕೈಯಿಂದ ಕೈಗೆ ಹೋಗುತ್ತದೆ, ಯಾರು ಬೇಕಾದರೂ ಕೈ ಹಾಕುತ್ತಾರೆ, ತೆಗೆದದ್ದನ್ನು ಎಲ್ಲೋ ತುರುಕಿ ವಾಪಸು ಕೊಡುತ್ತಾರೆ. ಹಾಗೆ ಕೊಟ್ಟರೆ ಅಕ್ಕನ ಗತಿ ಏನು? ಅವಳು ಸಂಚಿಯನ್ನು ಯಾರ ಕೈಗೂ ಕೊಡುವುದನ್ನು ನಿಲ್ಲಿಸಿದಳು. ಕೇಳಿದವರಿಗೆ ತಾನೇ ಮಡಿಸಿಕೊಡುತ್ತಿದ್ದಳು, ಸಂಚಿ ಮಾತ್ರ ಮಡಿಲು ಬಿಡುತ್ತಿರಲಿಲ್ಲ. ಎಲೆ ಕೊಟ್ಟಾಳು, ಸಂಚಿ ಕೊಡಳು ಎಂದು ಆಡಿಕೊಳ್ಳತೊಡಗಿದರು. ಜಿಪುಣಿ ಎಂದರು. ಅದರಲ್ಲಿ ಚಿನ್ನ ಬಚ್ಚಿಟ್ಟಿದ್ದಾಳೆ ಎಂದರು. ಬಾಲ್ಯದಲ್ಲಿ ತನ್ನ ಪಾಲಿನ ಬೆಲ್ಲವನ್ನೂ ನನಗೆ ಕೊಟ್ಟು ಬೆರಳು ನೆಕ್ಕುತ್ತಿದ್ದವಳು ನನ್ನ ಅಕ್ಕ. ಅವಳಿಗೆ ಜಿಪುಣಿ ಎಂಬ ಹೆಸರು! ಕೇಳಿದಾಗ ನನ್ನ ಮೈ ಉರಿದುಹೋಯಿತು. ಅವಳು ಮಾತ್ರ, "ಅನ್ಲಿ ಬುಡು. ಜಿಪುಣಿ ಅಂತ ಯಾರ್ನೂ ಮನೆಯಿಂದ ಆಚೆ ಆಕಾಕಿಲ್ಲ" ಎಂದಳು.

ಹೀಗೆ ಮೂರು ಗೌರಿಹಬ್ಬ ಕಳೆದವು. ಅಷ್ಟರಲ್ಲಿ ಅವಳಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಆದರೂ ಜಗಲಿ ಅವಳದೇ ಆಗಿತ್ತು.

ಆಮೇಲೆ ಅಕ್ಕನ ನಾದಿನಿಗೆ ಯಳಂದೂರಿನ ಸಂಬಂಧ ಕೂಡಿಬಂತು. ನಿಶ್ಚಿತಾರ್ಥಕ್ಕೆ ನಾನೂ ಹನೂರಿಗೆ ಹೋಗಿದ್ದೆ. ಬೆಳಗ್ಗೆ ಅಕ್ಕ ಒಬ್ಬಟ್ಟಿನ ಹೂರಣ ರುಬ್ಬುತ್ತಾ ಒಳಗಿದ್ದಳು. ಸ್ನಾನಕ್ಕೆ ಹೋಗುವಾಗ ಅಕ್ಕ ಗೂಟಕ್ಕೆ ನೇತುಹಾಕಿದ್ದ ಸಂಚಿಯನ್ನು ಅವಳ ಅತ್ತೆ ನೋಡಿದರು. ಮೈಯೆಲ್ಲ ಸುಣ್ಣ, ಅಡಿಕೆಯ ಕರೆ. ಮೈಸೂರು ಸೀಮೆಯ ಬೀಗರು ಬರುತ್ತಾರೆ, ಮನೆಯ ಹಿರಿಯ ಸೊಸೆ ಈ ಕೊಳಕು ಸಂಚಿ ಹಿಡಿದುಕೊಂಡು ಅವರೆದುರು ಕೂರುವುದೇ? ಪಾಪ, ಒಳ್ಳೆಯ ಹೆಂಗಸು. ಅಕ್ಕನ ಮೇಲೆ ಅವರಿಗೆ ಮಗಳಷ್ಟೇ ಪ್ರೀತಿ. ಸಂಚಿ ಖಾಲಿ ಮಾಡಿ, ಸೀಗೆಪುಡಿ ಹಾಕಿ ಉಜ್ಜಿ, ಬಿಸಿಲಿಗೆ ಹರವಿ, ಒಣಗಿದ ಮೇಲೆ ಹೊಸ ಎಲೆ, ಹೊಸ ಅಡಿಕೆ ತುಂಬಿ, ಡಬ್ಬಿಗಳನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಹೊಳೆಯುವಂತೆ ಮಾಡಿ ಒಳಗಿಟ್ಟು, ಗೂಟಕ್ಕೆ ಹಾಕಿಬಿಟ್ಟರು. ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯವೂ ಅದಾಗಿರಲಿಲ್ಲ.

ಬೀಗರು ಬಂದು ಕೂತರು. ನಡುಮನೆಯ ತುಂಬ ಹೆಂಗಸರು. ಅಕ್ಕ ಹೊಸ ಸೀರೆಯುಟ್ಟು ಬಂದು, ವರನ ತಾಯಿಯ ಎದುರು ಕೂತು, ಸಂಚಿಯ ದಾರ ಎಳೆದಳು. ಅದು ಒಗೆದದ್ದೆಂದು ಅವಳ ಬೆರಳಿಗೆ ಗೊತ್ತಾಯಿತು. ಒಂದು ಕ್ಷಣ ಅವಳ ಕೈ ನಿಂತಿತು. ಅದನ್ನು ನೋಡಿದವಳು ನಾನೊಬ್ಬಳೇ. ಆದರೆ ಅಷ್ಟು ಜನರೆದುರು ಎದ್ದು ಹೋಗುವುದೆಲ್ಲಿಗೆ, ಯಾರನ್ನು ಕೇಳುವುದು? ಅವಳು ಎಡ ತುದಿಯ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿದಳು.

ಒಳಗೆ ಕೆಂಪಗಿತ್ತು.

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಕೂಗಿದರೆ ಗುಟ್ಟು ಹೋಗುತ್ತಿತ್ತು, ಕೂಗದಿದ್ದರೂ ಹೋಗುತ್ತಿತ್ತು. "ಅಕ್ಕಾ" ಎಂದೆ. ಓಲಗದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಅಕ್ಕ ಎಡಗೈಯಲ್ಲಿ ಆ ಹೆಂಗಸಿನ ಗಲ್ಲ ಹಿಡಿದಳು. ಪ್ರೀತಿಯಿಂದ ನಕ್ಕಳು. ಎರಡು ಕೆನ್ನೆಗೂ ಕುಂಕುಮ ಬಳಿದಳು. ಆಮೇಲೆ ಇನ್ನೊಂದು ಡಬ್ಬಿ ತೆಗೆದು, ಮುತ್ತೈದೆಯ ಹಣೆಯ ನಡುವೆ ದುಂಡಗೆ, ಅಚ್ಚುಕಟ್ಟಾಗಿ ಅರಿಶಿನ ಇಟ್ಟಳು.

ಯಾರೋ ಒಬ್ಬಳು ಕಿಸಕ್ಕೆಂದು ನಕ್ಕಳು. ಆಮೇಲೆ ಯಾರೂ ನಗಲಿಲ್ಲ. ಅಕ್ಕ ಮುಖವೆತ್ತಿ, ಆ ಸುಮ್ಮನಾದ ಮನೆಯ ಕಡೆಗೆ ನಗುತ್ತಲೇ ಇದ್ದಳು. ಏನು ತಪ್ಪಾಯಿತೆಂದು ಅವಳಿಗೆ ಕಾಣುತ್ತಿರಲಿಲ್ಲ. ತಪ್ಪಾಯಿತೆಂದು ಮಾತ್ರ ತಿಳಿದಿತ್ತು. ಆ ನಗುಮುಖ ನನಗೆ ಈಗಲೂ ಎದುರಿಗೆ ಬರುತ್ತದೆ. ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತೇನೆ.

ವರನ ತಾಯಿ ದೊಡ್ಡ ಮನಸ್ಸಿನವರು. ಕೆನ್ನೆ ಒರೆಸಿಕೊಂಡು, "ಅವಸರದಲ್ಲಿ ಆಯ್ತದೆ, ಬುಡಿ" ಎಂದರು. ಸಂಬಂಧ ಮುರಿಯಲಿಲ್ಲ. ಬೀಗರು ಗಾಡಿ ಹತ್ತಿದ ಮೇಲೆ ಅತ್ತೆ ಅಕ್ಕನನ್ನು ಹಿತ್ತಲಿಗೆ ಕರೆದೊಯ್ದು, ತಮ್ಮ ಸೆರಗನ್ನೇ ಅವಳ ಮುಖದ ಮುಂದೆ ಹಿಡಿದು, "ಇದ್ಯಾವ ಬಣ್ಣ, ಏಳವ್ವ" ಎಂದರು. ಅಕ್ಕ "ಅಸುರು" ಎಂದಳು. ಅದು ಹಸಿರಲ್ಲ. ಅತ್ತೆ ಅಲ್ಲೇ ಕುಸಿದು ಕೂತು, "ಅಯ್ಯೋ ನನ್ನ ಕೈ ಸೇದೋಗ! ನಾನ್ಯಾಕಾದ್ರೂ ಅದ್ನ ಒಗ್ದೆನೋ!" ಎಂದು ಎದೆ ಬಡಿದುಕೊಂಡು ಅತ್ತರು. ಅಕ್ಕನೇ ತಡವರಿಸಿ ಅವರ ಭುಜ ಹುಡುಕಿ, "ನೀವೇನ್ ಮಾಡಿದ್ರಿ ಅತ್ತೆ, ಕೊಳೆ ಆಗಿತ್ತು, ಒಗುದ್ರಿ" ಎಂದು ಸಮಾಧಾನ ಮಾಡಿದಳು.

ಭಾವನ ಬಗ್ಗೆ ಒಳ್ಳೆಯದು ಬರೆಯೋಣವೆಂದು ಕೂತರೆ ನನ್ನ ಕೈ ಓಡುವುದಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ಮೈಸೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಆಗುವುದಿಲ್ಲ ಎಂದರು ಡಾಕ್ಟರು. ಮುಂದಿನ ಬೇಸಗೆಯಲ್ಲಿ ಭಾವ ಯಳಂದೂರಿನಿಂದಲೇ ಇನ್ನೊಂದು ಮದುವೆ ಮಾಡಿಕೊಂಡರು. ಜಗಲಿಗೆ ಒಬ್ಬಳು ಬೇಕಲ್ಲ ಎಂದರಂತೆ. ಅಂಗಡಿಗೆ ಗುಮಾಸ್ತ ಬೇಕು ಎನ್ನುವ ಹಾಗೆ! ನಾನು ಆ ಮದುವೆಗೆ ಹೋಗಲಿಲ್ಲ. ಅಕ್ಕ ಹೋಗಿದ್ದಳು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಆರತಿ ತಟ್ಟೆಯ ಒಂದು ಅಂಚನ್ನು ಅವಳ ಕೈಗೂ ಮುಟ್ಟಿಸಿದರೆಂದು ಯಾರೋ ಹೇಳಿದರು.

ಆಷಾಢ ಕಳೆದ ಮೇಲೆ ಒಂದು ದಿನ, ಬಾಗಿಲಲ್ಲಿ ಹದಿನೇಳು ಹದಿನೆಂಟರ ಒಬ್ಬ ಹುಡುಗಿ ನಿಂತಿದ್ದಳು. ಯಾರೆಂದು ಕೇಳುವ ಮೊದಲೇ ನನಗೆ ಗೊತ್ತಾಯಿತು. ಯಳಂದೂರಿನ ತವರಿಂದ ಹನೂರಿಗೆ ಹೋಗುವ ದಾರಿಯಲ್ಲಿ ಇಳಿದು ಬಂದಿದ್ದಳು. ಬಾಯಿಗೆ ಬಂದದ್ದನ್ನು ಅಂದು ಕಳಿಸಬೇಕೆಂದೇ ನಾನು ಎದ್ದದ್ದು. ಅವಳು ತಲೆಯೆತ್ತದೆ, "ಅಕ್ಕ ಕಳ್ಸವ್ರೆ. ಒಂದು ಸಂಚಿ ಬೇಕಂತೆ" ಎಂದಳು.

"ಯಾರ್ಗೆ? ನಿನಗಾ?" ಎಂದೆ. ನನ್ನ ದನಿ ಬಿರುಸಾಗಿತ್ತು.

"ಇಲ್ಲ ಅಕ್ಕಾ, ಅವ್ರಿಗೇ."

ಕೂರು ಎಂದೆ. ಕೂತಳು. ಏನೇ ಸಿಟ್ಟಿದ್ದರೂ ಸಂಚಿ ಎಂದ ಮೇಲೆ ನನ್ನ ಬಾಯಿ ಕೇಳುವುದನ್ನೇ ಕೇಳುತ್ತದೆ. ಎಷ್ಟು ಅರೆ ಬೇಕಂತೆ ಎಂದೆ.

"ಒಂದೇ ಸಾಕಂತೆ. ಎಲೆ, ಅಡಿಕೆ ಎಲ್ಲ ಒಟ್ಗೇ ಇದ್ರೂ ಆಯ್ತದಂತೆ. ತಾನೊಬ್ಳೇ ತಾನೆ ತಿನ್ನೋದು ಅಂದ್ರು."

"ಡಬ್ಬಿಗೆ?"

"ಡಬ್ಬಿ ಈಗ ನನ್ನತ್ರ ಅವೆ" ಎಂದು ಹುಡುಗಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಎದ್ದು ಪಟ್ಟೆ ತುಂಡುಗಳ ಗಂಟು ತಂದು ಅವಳ ಮುಂದೆ ಬಿಚ್ಚಿದೆ. ಮಾವಿನೆಲೆ ಹಸಿರು, ಈರುಳ್ಳಿ ಸಿಪ್ಪೆಯ ಬಣ್ಣ, ಕಡು ನೇರಳೆ, ಎಲ್ಲ ಇದ್ದವು. ಯಾವ ಬಣ್ಣ ಹೇಳಿದ್ದಾಳೆ ಎಂದು ಕೇಳಿದೆ.

ಹುಡುಗಿ ನೇರಳೆ ತುಂಡನ್ನು ಎತ್ತಿ ನೋಡಿ, ಮತ್ತೆ ಗಂಟಿನೊಳಗೇ ಇಟ್ಟಳು.

"ಯಾವ್ದಾದ್ರೂ ಆಯ್ತದಂತೆ" ಎಂದಳು.

ಅಕ್ಕ ಮಗ್ಗದ ಮನೆಯಲ್ಲಿ ಹುಟ್ಟಿದವಳು. ನಾನು ನೀರು ತರುತ್ತೇನೆಂದು ಹೇಳಿ ಒಳಗೆ ಹೋಗಿ, ಮಗ್ಗದ ಪಕ್ಕದಲ್ಲಿ ಕೂತು, ಹೊರಗೆ ಕೇಳಿಸದಂತೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.